ಸೂರಿನಲ್ಲಿ ಸಿಕ್ಕಿಸಿಟ್ಟ ಸೈಕಲ್ ಕಡ್ಡಿ

ಕೆನ್ಯಾಂಗಿಯ ಮನೆಯ ಸೂರಿನಲ್ಲಿ ಸೈಕಲ್ ಚಕ್ರದ ಕಡ್ಡಿಯೊಂದು ತುಕ್ಕು ಹಿಡಿಯುತ್ತಿತ್ತು. ಬುಶೆನ್ಯಿಯ ಗುಡ್ಡಗಳಲ್ಲಿ ಕೂಸು ಜೊಲ್ಲು ಸುರಿಸಿ ರಚ್ಚೆ ಹಿಡಿದರೆ, ಒಸಡಿನಲ್ಲಿ ಬೆಳ್ಳಗೆ ಉಬ್ಬಿದ್ದನ್ನು ಕಳ್ಳಹಲ್ಲು ಎನ್ನುತ್ತಾರೆ. ಅದನ್ನು ಬಗೆದು ತೆಗೆಯದಿದ್ದರೆ ಕೂಸು ಉಳಿಯದು ಎಂಬ ನಂಬಿಕೆ. ಮೂವತ್ತು ವರ್ಷ ಆ ಚೂಪು ಕಡ್ಡಿಯಿಂದ ಕೆನ್ಯಾಂಗಿ ಅದೇ ಕೆಲಸ ಮಾಡಿದ್ದಳು.

ಒಂಬತ್ತು ವರ್ಷದ ಹಿಂದೆ ಮೊಮ್ಮಗನ ಒಸಡನ್ನೂ ಬಗೆದಳು. ಬಾಯಿ ಕೀವಾಗಿ, ಜ್ವರಕ್ಕೆ ಮೈ ಸುಟ್ಟು, ಐದನೆಯ ದಿನ ಕೂಸು ಹೋಯಿತು. "ನೀನು ತಡ ಮಾಡಿ ತಂದೆ ಕಣೇ," ಎಂದು ಸೊಸೆ ಕೊಬುಸಿಂಗ್ಯೆಗೆ ಹೇಳಿದ್ದಳು. ಸೊಸೆ ನಂಬಿದಳು. ಆಮೇಲೆ ಅವಳ ಮಡಿಲು ತುಂಬಲಿಲ್ಲ.

ಕೆನ್ಯಾಂಗಿ ಮತ್ತೆ ಕಡ್ಡಿ ಮುಟ್ಟಲಿಲ್ಲ. ಜಗಲಿಯಲ್ಲಿ ಕೂತು ನೆರೆಹೊರೆಯ ಕೂಸುಗಳನ್ನು ನೋಡಿದಳು. ನಾಲ್ಕೈದು ತಿಂಗಳಿಗೆ ಎಲ್ಲವೂ ಜೊಲ್ಲು ಸುರಿಸಿದವು, ಮುಷ್ಟಿ ಕಚ್ಚಿದವು, ಸಂಜೆಯಾದರೆ ಸುಮ್ಮಸುಮ್ಮನೆ ಅತ್ತವು. ಬಗೆಯದೆ ಬಿಟ್ಟ ಕೂಸುಗಳಿಗೆ ಆ ಬಿಳಿ ಉಬ್ಬಿನಿಂದಲೇ ಒಂದು ದಿನ ಕೋರೆಹಲ್ಲು ಬಂತು.

ಈಗ ಪಕ್ಕದ ಮನೆಯ ಕ್ಯಾರಿಸೀಮಾ ಆರು ತಿಂಗಳ ಮಗ ನುವಾಗಾಬನನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು.

"ಅಜ್ಜೀ, ತೆಗೆದುಬಿಡು. ಮೊಲೆ ಬಾಯಿಗಿಟ್ರೆ ಕಚ್ತಾನೆ, ಬಿಡ್ತಾನೆ, ಕಿರುಚ್ತಾನೆ."

"ಜ್ವರ ಇದೆಯೇನೇ? ಭೇದಿ?"

"ಏನೂ ಇಲ್ಲ."

"ಮತ್ತೇನು ರೋಗ? ಹಲ್ಲು ಬರ್ತಿದೆ, ಅಷ್ಟೇ. ಜ್ವರ ಬಂದ್ರೆ ಆಸ್ಪತ್ರೆಗೆ ಓಡು. ಕಡ್ಡಿ ಹತ್ರ ಅಲ್ಲ."

"ನಿನ್ ಕೈ ನಡುಗುತ್ತೆ ಅಂತ ಹೇಳಬಾರದಾ? ನಮ್ಮತ್ತೆ ಅಂದ್ರು, ಮುದುಕಿ ಧೈರ್ಯ ಮೊಮ್ಮಗನ ಜೊತೆಗೇ ಮಣ್ಣಾಯ್ತು ಅಂತ. ಮೇಲಿನ ಗುಡ್ಡದಲ್ಲಿ ಕಳ್ಳಹಲ್ಲು ತೆಗೆಯೋನು ಇದ್ದಾನೆ, ಅವನ ಹತ್ರ ಹೋಗ್ತೀನಿ."

ಅವಳು ಎದ್ದು ಕೂಸನ್ನು ಕಟ್ಟಿದ್ದ ಬಟ್ಟೆ ಬಿಗಿದಳು. ಅಂಗಳದಲ್ಲಿ ಕೊಬುಸಿಂಗ್ಯೆ ಬಾಳೆಕಾಯಿ ಸಿಪ್ಪೆ ಸುಲಿಯುತ್ತಿದ್ದಳು. ಕೆನ್ಯಾಂಗಿ ಅವಳನ್ನೊಮ್ಮೆ ನೋಡಿದಳು. ಸುಮ್ಮನಿದ್ದರೆ ಈ ಕೂಸೂ ಹೋದೀತು.

"ನಿಲ್ಲೇ. ನನ್ನ ಮೊಮ್ಮಗಂಗೆ ಏನೂ ಆಗಿರ್ಲಿಲ್ಲ. ಇವನ ಹಾಗೇ ಜೊಲ್ಲು, ಇವನ ಹಾಗೇ ಅಳು. ಅವನಮ್ಮ ತಡ ಮಾಡ್ಲಿಲ್ಲ. ನಾನೇ ಕೊಂದೆ."

ಸುಲಿಯುವ ಸದ್ದು ನಿಂತಿತು. ಕ್ಯಾರಿಸೀಮಾ ಕೂಸನ್ನು ಬೆನ್ನಿನಿಂದ ಬಿಚ್ಚಿ ಎದೆಗೆ ಅವುಚಿಕೊಂಡು ಮನೆಗೆ ಹೋದಳು.

ಹನ್ನೆರಡು ದಿನಕ್ಕೆ ನುವಾಗಾಬನ ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಂಥ ಎರಡು ಹಲ್ಲು ಮೂಡಿದವು. ತೋರಿಸಲು ಅವನಮ್ಮ ಓಡಿಬಂದಳು.

ಕೊಬುಸಿಂಗ್ಯೆ ನೋಡಲು ಬರಲಿಲ್ಲ. ಅವಳು ದಿನಕ್ಕೆರಡು ಹೊತ್ತು ರಾಗಿಮುದ್ದೆಯ ಬುಟ್ಟಿ ತಂದು ಅತ್ತೆಯ ಹೊಸ್ತಿಲ ಮೇಲೆ ಇಡುತ್ತಾಳೆ. "ಅತ್ತೇ, ಉಣ್ಣಿ" ಎಂಬ ಮಾತು ಆ ದಿನದಿಂದ ಬಂದಿಲ್ಲ.