ಮಾದೇವಿ ಕಲಿಸಿದ ಅಡ್ವರ್ಬು

ಮಗಳು ನೌನ್, ಪ್ರೊನೌನ್, ವರ್ಬ್ ಎಂದು ಬಾಯಿಪಾಠ ಮಾಡುತ್ತಿದ್ದಾಳೆ. ನನಗೆ ಮಾದೇವಿ ನೆನಪಾದಳು.

ಭಾರತೀನಗರದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅಡ್ವರ್ಬು ನನ್ನ ತಲೆಗೆ ಹತ್ತಿದ್ದು ಅವಳಿಂದಲೇ. "ಬಿರ್‌ಬಿರ್ನೆ ನಡಿ ಅಂತೀವಲ್ಲ, ಆ ಬಿರ್‌ಬಿರ್ನೆ ಅನ್ನೋದೇ ಅಡ್ವರ್ಬು ಕಣಮ್ಮಿ" ಎಂದಿದ್ದಳು.

ಆದರೂ ಪರೀಕ್ಷೆಯಲ್ಲಿ ಹೆದರಿ ಅವಳದ್ದನ್ನೇ ನೋಡಿ ಬರೆದೆ. ಇಬ್ಬರದ್ದೂ ಒಂದೇ ತಪ್ಪು. ಮೇಷ್ಟ್ರು ಬೆತ್ತ ಹಿಡಿದು, "ಯಾರು ಕಾಪಿ ಹೊಡ್ದಿದ್ದು?" ಎಂದರು.

"ಅವ್ಳೇ ಸಾ" ಎಂದುಬಿಟ್ಟೆ.

ಅಂಗೈ ಊದುವವರೆಗೆ ಅವಳಿಗೆ ಹೊಡೆದರು. ಮಾರನೆಯ ದಿನದಿಂದ ಅವಳು ಬರಲಿಲ್ಲ. ನಿಜ ಹೇಳೋಣವೆಂದು ಅವಳ ಮನೆಗೆ ಹೋದೆ. ಅವಳ ಅವ್ವ, "ಕದ್ದು ಬರ್ಯೋಳ್ಗೆ ಇಸ್ಕೂಲ್ಯಾಕವ್ವ? ಕಬ್ಬು ಕಡಿಯಕ್ಕೆ ಕಳ್ಸಿವ್ನಿ" ಎಂದರು. ನಾನು ಬಾಯಿ ಬಿಡದೆ ವಾಪಸ್ ಬಂದೆ.

ಈಗ ಮಳವಳ್ಳಿಯಲ್ಲಿ ನಾನೇ ಇಂಗ್ಲಿಷ್ ಟೀಚರು. ಇದನ್ನು ಹೇಳಿಕೊಳ್ಳುತ್ತಿರುವುದು ಇದೇ ಮೊದಲು.