ಹೆಸರು ತಿಳಿಯದ ಹಿರಿಯರಿಗೆ

ನಮ್ಮ ಓಣಿಯ ಭೂವಿಜ್ಞಾನದ ಮೇಷ್ಟರು ಕುಳಿತು ಕಾಫಿ ಕುಡಿದದ್ದನ್ನು ನಾನು ಕಾಣೆ. ಲೋಟ ಹಿಡಿದು ಅಂಗಳದಲ್ಲಿ ತಿರುಗುತ್ತ, "ಜಲ್ದಿ ನೋಡ್ರಿ, ಗುಡ್ಡ ಉಳಿಯೂದಿಲ್ಲ" ಎನ್ನುವರು. ಅದಿರಿನ ಲಾರಿಗಳು ಹೊಸಪೇಟೆಯನ್ನು ಕೆಂಪಾಗಿಸಿದ್ದ ವರ್ಷಗಳವು.

ಒಂದು ಮುಂಜಾನೆ, ಪೌರೋಹಿತ್ಯ ಮಾಡುವ ನನ್ನನ್ನು ಸಂಡೂರಿನ ಗಣಿದಾರಿಗೆ ಎಳೆದೊಯ್ದರು. ರಸ್ತೆ ಅಗಲಿಸಲು ಅಂದೇ ಒಡೆಯಲಿದ್ದ ಬಂಡೆಯೊಂದರಲ್ಲಿ ಈರುಳ್ಳಿಯ ಪದರಗಳಂತಹ ಗೆರೆಗಳಿದ್ದವು.

"ನೂರಾರು ಕೋಟಿ ವರ್ಷದ ಹಿಂದ ಕಣ್ಣಿಗೆ ಕಾಣದಂಥ ಜೀವ ಇಲ್ಲಿದ್ದ ಸಮುದ್ರದಾಗ ಕಟ್ಟಿದ ಮನಿ ಇದು, ಆಚಾರ್ರ. ನಾವು ಉಸಿರಾಡೋ ಗಾಳಿ ಇಂಥವು ಬಿಟ್ಟದ್ದು. ಕುಂಕುಮ ಹಚ್ಚಿ ದೇವರಂದುಬಿಡ್ರಿ, ಬುಲ್ಡೋಜರ್ ಡ್ರೈವರ್ ಮುಟ್ಟೂದಿಲ್ಲ."

"ಸುಳ್ಳು ಪೂಜಿ ನನ್ನಿಂದ ಆಗೂದಿಲ್ರಿ," ಎಂದೆ.

ಅವರು ಬಂಡೆಯನ್ನು ಸುತ್ತತೊಡಗಿದರು. ಬುಲ್ಡೋಜರ್ ಏರು ಹತ್ತುತ್ತಿತ್ತು.

ಹೆಸರು, ಗೋತ್ರ ತಿಳಿಯದ, ಅಳಿದುಹೋದ ಹಿರಿಯರಿಗೂ ನೀರು ಬಿಡುವ ವಿಧಿ ನಮ್ಮಲ್ಲಿದೆ, ಅದರಲ್ಲಿ ಸುಳ್ಳಿಲ್ಲ. ಉತ್ತರೀಯವನ್ನು ಸರಿಪಡಿಸಿಕೊಂಡು, ಬಾಟಲಿಯ ನೀರಿನಿಂದಲೇ ಬಂಡೆಯ ಮೇಲೆ ತರ್ಪಣ ಬಿಟ್ಟೆ.

ಚಾಲಕ ಯಂತ್ರ ನಿಲ್ಲಿಸಿದ. "ಯಾರಿಗ್ರೀ ಅಜ್ಜಾರ, ನೀರು ಬಿಡಾಕತ್ತೀರಿ?"

"ನಮ್ಮೆಲ್ಲಾರ ಮೂಲದವ್ರಿಗೆ," ಎಂದರು ಮೇಷ್ಟರು. "ನಿನಗೂ ಹಿರ್ಯಾರ ಆಗಬೇಕಪಾ."

ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ಬಂಡೆಯನ್ನೇ ನೋಡಿದ. ಆಮೇಲೆ ಕೀಲಿ ತೆಗೆದು, ಕೆಳಗಿಳಿದು, ಚಪ್ಪಲಿ ಬಿಟ್ಟು ಅಂಗೈ ಚಾಚಿದ.

"ಹಂಗಾದ್ರ ನನ್ನ ಕೈಗೂ ಒಂದೀಟು ಹಾಕ್ರಿ."