ಅರವತ್ತೊಂದು ಮಂದಿಗೆ ಅಡುಗೆ

ಬಾದಾಮಿಗೆ ಸಿನಿಮಾ ಶೂಟಿಂಗಿನವರಿಗೆ ಅಡುಗೆ ಮಾಡಲು ಹೋಗಿದ್ದೆ. ನಾಲ್ಕನೆಯ ದಿನ ನಿರ್ಮಾಪಕರು ಎದೆನೋವು ಬಂದು ತೀರಿಕೊಂಡರು. ಇಳಕಲ್ಲಿನ ಸೀರೆ ವ್ಯಾಪಾರಿ, ಅದೇ ಅವರ ಮೊದಲ ಸಿನಿಮಾ. ಅವರನ್ನು ಮಣ್ಣು ಮಾಡಿ ಬಂದು ನಾವೆಲ್ಲ ಗಂಟುಮೂಟೆ ಕಟ್ಟುತ್ತಿದ್ದಾಗ ಅವರ ಹೆಂಡತಿ ಲಾಡ್ಜಿಗೆ ಬಂದರು. ಏನಾದರೂ ಅನ್ನಬೇಕಲ್ಲ ಎಂದು ನಾನೇ, “ಅಕ್ಕಾರ, ನಾಳಿಗೆ ಅಡಗಿ ಮಾಡೂದೈತೇನ್ರಿ?” ಎಂದೆ.

“ಎಷ್ಟು ಮಂದಿ ಅದೀರಿ?”

“ಅರವತ್ತೊಂದ್ರಿ,” ಎಂದವನು ನಾಲಿಗೆ ಕಚ್ಚಿಕೊಂಡೆ. ಹೋದವರನ್ನೂ ಸೇರಿಸಿ ಹೇಳಿಬಿಟ್ಟಿದ್ದೆ. “ಅಲ್ರಿ, ಅರವತ್ತು.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅರವತ್ತೊಂದು ಮಂದಿಗೇ ಮಾಡ್ರಿ. ನಾ ಬರ್ತೇನಿ.”

ಮರುದಿನ ಬಂದು ಎಲ್ಲರಿಗೂ ಬಡಿಸಿದರು, ತಾವು ಮಾತ್ರ ಒಂದು ತುತ್ತೂ ಉಣ್ಣಲಿಲ್ಲ. ಶೂಟಿಂಗ್ ನಿಲ್ಲಲಿಲ್ಲ.

ಈಗ ಅವರು ಮೂರು ಸಿನಿಮಾಗಳ ನಿರ್ಮಾಪಕಿ. ಈ ಕಡೆ ಹೇಗೆ ಬಂದಿರಿ ಎಂದು ಪತ್ರಿಕೆಯವರು ಕೇಳಿದರೆ, “ಊಟಕ್ಕ ಬಂದಿದ್ನಿರಿ” ಎನ್ನುತ್ತಾರೆ. ಪತ್ರಿಕೆಯವರು ತಮಾಷೆಯೆಂದುಕೊಂಡು ನಗುತ್ತಾರೆ.